ಕೊಡೆ ಮುಚ್ಚಬೇಕಂತೆ: ಮಳೆಗಾಲದಲ್ಲಿ ಮೊಬೈಲ್ ಹಿಡಿದು ಒಂದು ದಂಗೆಯ ಸಿನಿಮಾ ಮಾಡೋದು ಹೇಗೆ

ಕ್ರೂರ ಸರ್ಕಾರ, ಅದಕ್ಕೆ ತಿರುಗಿಬೀಳುವ ಜನ. ಇಂಥ ಒಂದು ಥ್ರಿಲ್ಲರ್ ಕಿರುಚಿತ್ರ ಮಾಡೋಣ ಅಂತ ಹೊರಟವರು ಮೊದಲು ಹುಡುಕೋದು ಬಂದೂಕು ಮತ್ತೆ ಕಪ್ಪು ಕಾರು. ನಾವೂ ಅದನ್ನೇ ಹುಡುಕಿದೆವು. ಕಾರು ಸಿಕ್ಕಿತು, ಗೆಳೆಯನ ಮಾವನದು. ಹಿಂದಿನ ಗಾಜಿನ ಮೇಲೆ ದೇವರ ಹೆಸರು ದಪ್ಪ ಅಕ್ಷರದಲ್ಲಿತ್ತು, ತೆಗೆಯೋಕೆ ಮಾವ ಸುತಾರಾಂ ಒಪ್ಪಲಿಲ್ಲ. ಬಂದೂಕು ಜಾತ್ರೆಯಲ್ಲಿ ತಂದ ಪ್ಲಾಸ್ಟಿಕ್ಕಿನದು, ಮಳೆಗೆ ಬಣ್ಣ ಬಿಟ್ಟು ನಟನ ಕೈಯೆಲ್ಲ ಕಪ್ಪಾಯಿತು. ರಾತ್ರಿ ಕೂತು ನೋಡಿದರೆ ಸರ್ವಾಧಿಕಾರ ಎಲ್ಲೂ ಕಾಣಲಿಲ್ಲ. ದಿಬ್ಬಣಕ್ಕೆ ಹೊರಟ ಗಂಡಿನ ಕಡೆಯವರ ಹಾಗೆ ಕಂಡರು. ಎಲ್ಲ ಅಳಿಸಿ ಮತ್ತೆ ಶುರು ಮಾಡಿದೆವು.

ಎರಡನೇ ಸಲ ಮಾಡಿದ್ದು 11 ನಿಮಿಷದ ಚಿತ್ರ. ಶಿರಸಿ ಹತ್ರದ ಒಂದು ಹಳ್ಳಿ, ಆಮೇಲೆ ಕಾರವಾರ, ಒಂದು ಮೊಬೈಲು, ಆರು ಜನ. ಖರ್ಚು ಜಾಸ್ತಿ ಆಗಿದ್ದು ಬಸ್ ಟಿಕೆಟ್ಟಿಗೆ, ಊಟಕ್ಕೆ. ಅದರಲ್ಲಿ ಏನು ಕೈ ಹಿಡಿಯಿತು, ಏನು ಕೈ ಕೊಟ್ಟಿತು ಅಂತ ಬರೆಯುತ್ತೇನೆ. ನಿಮಗೆ ಒಂದು ಮಳೆಗಾಲ ಉಳಿಯಬಹುದು.

ಮೊದಲು ಒಂದು ವಸ್ತುವನ್ನು ನಿಷೇಧಿಸಿ

ಸರ್ಕಾರದ ಹೆಸರೇನು, ಬಾವುಟ ಯಾವ ಬಣ್ಣ, ಕತೆ ನಡೆಯೋದು ಯಾವ ಇಸವಿಯಲ್ಲಿ, ಮೊದಲು ಯುದ್ಧ ಆಗಿತ್ತಾ ಇಲ್ವಾ ಅಂತೆಲ್ಲ ತಲೆ ಕೆಡಿಸಿಕೊಳ್ಳಬೇಡಿ. ಅದು ಕೋಟಿಗಟ್ಟಲೆ ಸುರಿಯುವವರ ಚಿಂತೆ. ನಿಮ್ಮ ಊರಲ್ಲಿ ಯಾರೂ ಬಿಟ್ಟಿರೋಕಾಗದ ಒಂದು ಚಿಲ್ಲರೆ ವಸ್ತು ಆರಿಸಿ. ಅದು ಬೇಡ ಅಂತ ಸರ್ಕಾರ ಹೇಳಲಿ. ಕತೆ ತಾನಾಗೇ ಹೊರಡುತ್ತದೆ.

ಇದು ನನ್ನ ಜಾಣತನ ಏನೂ ಅಲ್ಲ, ನಮ್ಮ ಉತ್ತರ ಕನ್ನಡ ಜಿಲ್ಲೆ ಇದನ್ನು ಕಣ್ಣಾರೆ ಕಂಡಿದೆ. ಕಡಲ ಪಕ್ಕದಲ್ಲೇ ಹುಟ್ಟಿ ಬೆಳೆದವನು ಕಡಲ ನೀರಿನಿಂದ ಉಪ್ಪು ಮಾಡಿಕೊಂಡರೆ ಅಪರಾಧ ಅಂತ ಕಾನೂನೇ ಇತ್ತಲ್ಲ! 1930ರ ಏಪ್ರಿಲ್‌ನಲ್ಲಿ ಅಂಕೋಲಾದಲ್ಲಿ ಎಂ.ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಜನ ಅದನ್ನು ಮುರಿದರು. ಒಂದು ಹಿಡಿ ಉಪ್ಪು, ಅಷ್ಟೇ. ಸಿನಿಮಾ ದೃಷ್ಟಿಯಿಂದ ನೋಡಿ: ಉಪ್ಪು ಎಲ್ಲರ ಮನೆಯಲ್ಲೂ ಇದೆ, ಕಣ್ಣಿಗೆ ಕಾಣುತ್ತದೆ, ಕೈಯಲ್ಲಿ ಹಿಡಿದು ಮೇಲೆತ್ತಬಹುದು. ಮಾತೇ ಬೇಡ. ನೀವು ಆರಿಸುವ ವಸ್ತುವಿಗೂ ಈ ಗುಣ ಇರಬೇಕು. ಇಂಟರ್ನೆಟ್ ಬಂದ್ ಮಾಡಿದರು ಅಂತ ಕತೆ ಮಾಡಿದರೆ ಪರದೆಯ ಮೇಲೆ ಏನು ತೋರಿಸುತ್ತೀರಿ? ಮೊಬೈಲ್ ನೋಡಿ ಮುಖ ಸಿಂಡರಿಸುವ ಹುಡುಗನನ್ನಾ?

ನಾವು ಕೊಡೆ ಆರಿಸಿದೆವು. ಕಂಬದ ಮೇಲಿನ ಕ್ಯಾಮೆರಾಕ್ಕೆ ಮುಖ ಕಾಣಬೇಕು, ಕೊಡೆ ಅಡ್ಡ ಬರುತ್ತದೆ, ಆದ್ದರಿಂದ ನಿಮ್ಮ ಸುರಕ್ಷತೆಗಾಗಿ ಕೊಡೆ ಬೇಡ. ವರ್ಷಕ್ಕೆ 3000 ಮಿಲಿಮೀಟರ್ ಆಸುಪಾಸು ಮಳೆ ಹೊಯ್ಯುವ ಕರಾವಳಿಯಲ್ಲಿ ಕೊಡೆ ಬೇಡ ಅಂದರೆ ಏನಾಗುತ್ತದೆ ಅಂತ ನಮ್ಮವರಿಗೆ ಬಿಡಿಸಿ ಹೇಳೋದೇ ಬೇಡ. ಮಕ್ಕಳು ತೊಪ್ಪೆಯಾಗಿ ಶಾಲೆಗೆ ಹೋಗುತ್ತಾರೆ. ರೇಷನ್ ಅಕ್ಕಿ ಚೀಲದಲ್ಲೇ ನೆನೆಯುತ್ತದೆ. ಅಜ್ಜಿಗೆ ಕೆಮ್ಮು ಹಿಡಿಯುತ್ತದೆ. ಯಾರೂ ಯಾರಿಗೂ ಹೊಡೆದಿಲ್ಲ, ಬಡಿದಿಲ್ಲ, ಆದರೂ ಊರು ನರಳುತ್ತದೆ. ಕೊನೆಗೆ ಯಾರೋ ಒಬ್ಬರು ಕೊಡೆ ಬಿಚ್ಚಿದರೆ ಅದೇ ದಂಗೆ.

ಬರೆದು ಮುಗಿಸಿದ ಮೇಲೆ ಒಬ್ಬ ಗೆಳತಿ ನೆನಪಿಸಿದಳು, 2014ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಪ್ರತಿಭಟನೆಗೆ ಕೂತವರು ಪೊಲೀಸರ ಖಾರದ ಸ್ಪ್ರೇಗೆ ಕೊಡೆಯನ್ನೇ ಅಡ್ಡ ಹಿಡಿದಿದ್ದರು, ಆ ಚಳವಳಿಗೆ ಕೊಡೆಯದೇ ಹೆಸರು ಬಂತು ಅಂತ. ಒಂದು ಕ್ಷಣ ಪೆಚ್ಚಾದೆವು. ಆಮೇಲೆ ಇರಲಿ ಬಿಡು ಅಂದೆವು. ಅವರು ಕೊಡೆ ಹಿಡಿದಿದ್ದು ಖಾರಕ್ಕೆ, ನಮ್ಮವರು ಹಿಡಿಯೋದು ಮಳೆಗೆ.

ಒಂದು ಮಾತು ಗಮನದಲ್ಲಿಡಿ. ನಿಷೇಧಕ್ಕೆ ಕೊಡುವ ಕಾರಣ ಹುಚ್ಚುಚ್ಚಾಗಿ ಇರಬಾರದು. ಕೇಳಿದವರಿಗೆ 'ಹೌದಲ್ವಾ, ಅದೂ ಸರಿಯೇ' ಅನ್ನಿಸಬೇಕು. ನಮ್ಮ ಮೊದಲ ಬರಹದಲ್ಲಿ ರಾಜನಿಗೆ ಕೊಡೆ ಕಂಡರೆ ಆಗೋದಿಲ್ಲ ಅಂತಿತ್ತು. ಅದು ಚಂದಮಾಮದ ಕತೆ ಆಯ್ತು. ಕಾರಣ 'ನಿಮ್ಮ ಸುರಕ್ಷತೆ' ಅಂತ ಬದಲಾಯಿಸಿದ ಕೂಡಲೇ ಓದಿದವರ ಮುಖದ ನಗು ಹೋಯಿತು.

ಆಜ್ಞೆ ಕೊಟ್ಟವನನ್ನು ತೋರಿಸಬೇಡಿ

ಸರ್ವಾಧಿಕಾರಿಯ ಪಾತ್ರಕ್ಕೆ ನಟ ಬೇಕೇ ಬೇಕು ಅಂತ ಪಟ್ಟು ಹಿಡಿಯುವ ಗೆಳೆಯ ಎಲ್ಲ ತಂಡದಲ್ಲೂ ಒಬ್ಬ ಇರುತ್ತಾನೆ. ಸಾಮಾನ್ಯವಾಗಿ ಆ ಪಾತ್ರ ಅವನಿಗೇ ಬೇಕಾಗಿರುತ್ತದೆ. ಮೀಸೆ ಬಿಟ್ಟು, ಮೇಜು ಕುಟ್ಟಿ, ಅಬ್ಬರಿಸಿ ನಗುತ್ತಾನೆ. ಅವನಿಗೆ ಊಟದ ಜವಾಬ್ದಾರಿ ಕೊಡಿ.

ಲಂಡನ್ನಿನಲ್ಲಿ ನಡೆಯುವ 'ವಿ ಫಾರ್ ವೆಂಡೆಟಾ' ಅನ್ನುವ ಇಂಗ್ಲಿಷ್ ಸಿನಿಮಾ ನೋಡಿದವರಿಗೆ ನೆನಪಿರಬಹುದು, ಅಲ್ಲಿ ಸರ್ವಾಧಿಕಾರಿ ಹೆಚ್ಚಿನ ಹೊತ್ತು ಗೋಡೆಯಷ್ಟು ದೊಡ್ಡ ಪರದೆಯ ಮೇಲಿನ ಒಂದು ಮುಖ. ಅಷ್ಟು ದೊಡ್ಡ ಚಿತ್ರವೇ ಅವನನ್ನು ದೂರ ಇಟ್ಟಿತ್ತು. ನಮ್ಮ ಹತ್ರ ಅಷ್ಟು ದೊಡ್ಡ ಪರದೆ ಇಲ್ಲ. ಆದರೆ ಅದಕ್ಕಿಂತ ಒಳ್ಳೆಯದು ನಮ್ಮ ಭಾಷೆಯಲ್ಲೇ ಇದೆ: 'ಅಂತೆ'.

ಕೊಡೆ ಮುಚ್ಚಬೇಕಂತೆ. ಯಾರು ಹೇಳಿದರು? ಗೊತ್ತಿಲ್ಲ, ಮುಚ್ಚಬೇಕಂತೆ. ಶಿರಸಿ, ಸಿದ್ದಾಪುರದ ಹವ್ಯಕರ ಮಾತಿನಲ್ಲಿ ಇದು ಇನ್ನೂ ಚಿಕ್ಕದು, 'ಮುಚ್ಚವಡ'. ಕೊನೆಯ ಆ ಒಂದು 'ಅಡ' ಸಾಕು. ಹೇಳಿದವನು ಮಾಯ, ಆಜ್ಞೆ ಮಾತ್ರ ಉಳಿಯಿತು. ನಮ್ಮ ಚಿತ್ರದ ಮೊದಲ ಎರಡು ನಿಮಿಷ ಪೂರ್ತಿ ಇದರ ಮೇಲೇ ನಿಂತಿದೆ. ಹಾಲಿನ ಡೇರಿಯಲ್ಲಿ ಒಬ್ಬಳು ಇನ್ನೊಬ್ಬಳಿಗೆ ಹೇಳುತ್ತಾಳೆ, ಅವಳು ಮನೆಗೆ ಬಂದು ಗಂಡನಿಗೆ ಹೇಳುತ್ತಾಳೆ, ಗಂಡ ಅಡಿಕೆ ಸುಲಿಯುವವರ ನಡುವೆ ಹೇಳುತ್ತಾನೆ, ಅಲ್ಲಿಗೆ ಬರುವಷ್ಟರಲ್ಲಿ ಕೊಡೆಯ ಜೊತೆ ಕಂಬಳಿಕೊಪ್ಪೆಯೂ ಸೇರಿಕೊಂಡಿರುತ್ತದೆ. ಸರ್ಕಾರ ಹೇಳಿದ್ದು ಒಂದು, ಜನ ತಾವಾಗೇ ಸೇರಿಸಿಕೊಂಡಿದ್ದು ಇನ್ನೊಂದು. ನನ್ನ ಕೇಳಿದರೆ ಇಡೀ ಚಿತ್ರದಲ್ಲಿ ಮೈ ಜುಮ್ಮೆನ್ನುವ ಜಾಗ ಇದೇ, ಕೊನೆಯ ಓಟ ಅಲ್ಲ.

ಹಾಗಾದರೆ ಖಳನಾಯಕ ಬೇಡವಾ? ಬೇಕು, ಆದರೆ ಅವನು ಪಕ್ಕದ ಮನೆಯವನಾಗಿರಲಿ. ಮತ್ತೆ ನಮ್ಮ ಇತಿಹಾಸಕ್ಕೇ ಬರುತ್ತೇನೆ. 1930ರ ದಶಕದ ಶುರುವಿನಲ್ಲಿ ಅಂಕೋಲಾ, ಸಿದ್ದಾಪುರದ ಕಡೆ ರೈತರು ಕಂದಾಯ ಕಟ್ಟಲ್ಲ ಅಂದರು. ಸರ್ಕಾರ ಆಸ್ತಿ ಜಪ್ತಿ ಮಾಡಿ ಹರಾಜು ಹಾಕಿತು. 1932ರಲ್ಲಿ ಸಿದ್ದಾಪುರ ತಾಲ್ಲೂಕಿನ ಮಾವಿನಗುಂಡಿಯಲ್ಲಿ ಹೆಂಗಸರು ಆ ಆಸ್ತಿ ಕೊಂಡವರ ಮನೆಯ ಮುಂದೆ ಹೋಗಿ ಉಪವಾಸ ಕೂತರು. ಯೋಚಿಸಿ ನೋಡಿ, ಎಷ್ಟು ಬಿಗಿ ಇದೆ ಇದರಲ್ಲಿ. ಬ್ರಿಟಿಷ್ ಅಧಿಕಾರಿ ಆ ಚೌಕಟ್ಟಿನಲ್ಲೇ ಇಲ್ಲ. ಅಂಗಳದಲ್ಲಿ ಹಸಿದ ಹೆಂಗಸರು, ಒಳಗೆ ಕಿಟಕಿ ಸಂದಿಯಿಂದ ನೋಡುತ್ತಿರುವ ಪರಿಚಯದವನು. ಒಂದು ಮನೆ, ಒಂದು ಅಂಗಳ ಇದ್ದರೆ ನಾಳೆಯೇ ಚಿತ್ರೀಕರಣ ಮಾಡಬಹುದು.

ಶಿಕ್ಷೆ ಬೇಕಾ? ಜೈಲಿನ ಸೆಟ್ಟು ಹಾಕಬೇಡಿ. ಕವಿ, ರೈತ ಹೋರಾಟಗಾರ ದಿನಕರ ದೇಸಾಯಿಯವರನ್ನು 1940ರಲ್ಲಿ ಬ್ರಿಟಿಷ್ ಸರ್ಕಾರ ಐದು ವರ್ಷ ಜಿಲ್ಲೆಯಿಂದಲೇ ಗಡಿಪಾರು ಮಾಡಿತ್ತು. ನಾವು ಅದನ್ನೇ ಚಿಕ್ಕದು ಮಾಡಿಕೊಂಡೆವು. ನಮ್ಮ ಚಿತ್ರದಲ್ಲಿ ಕೊಡೆ ಹಿಡಿದು ಸಿಕ್ಕಿಬಿದ್ದವಳನ್ನು ಕಾಳಿ ನದಿಯ ಆಚೆ ದಡಕ್ಕೆ ಬಿಡುತ್ತಾರೆ. ಈಚೆ ದಡದಲ್ಲಿ ತನ್ನ ಮನೆಯ ದೀಪ ಕಾಣುತ್ತದೆ, ಬರುವಂತಿಲ್ಲ. ಸೆಟ್ಟಿಲ್ಲ, ಖರ್ಚು ಸೊನ್ನೆ.

ಸೆಟ್ಟಿನ ದುಡ್ಡು ಉಳಿಸಿ

1965ರಲ್ಲಿ ಫ್ರೆಂಚ್ ನಿರ್ದೇಶಕ ಗೊಡಾರ್ 'ಆಲ್ಫಾವಿಲ್' ಅನ್ನುವ ಚಿತ್ರ ಮಾಡಿದಾಗ ಮುಂದಿನ ಕಾಲದ ನಗರ ತೋರಿಸೋಕೆ ಒಂದೂ ಸೆಟ್ಟು ಹಾಕಲಿಲ್ಲ. ಆಗಿನ ಪ್ಯಾರಿಸ್ಸಿನ ಹೊಸ ಗಾಜಿನ ಕಟ್ಟಡಗಳನ್ನೇ ರಾತ್ರಿ ಹೊತ್ತು ಚಿತ್ರೀಕರಿಸಿದ. ಇರುವುದನ್ನೇ ಬೇರೆ ಹೊತ್ತಲ್ಲಿ, ಬೇರೆ ಕೋನದಲ್ಲಿ ನೋಡಿದ, ಅಷ್ಟೇ. ನಮ್ಮ ಜಿಲ್ಲೆಯಲ್ಲಿ ಆ ಥರದ ಜಾಗ ಬೇಕಾದಷ್ಟಿವೆ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ನಿಷೇಧ ಇರುತ್ತದಲ್ಲ, ಆ 61 ದಿನ ಕಾರವಾರದ ಬೈತಖೋಲ ಬಂದರಿಗೆ ಹೋಗಿ ನೋಡಿ. ದೋಣಿಗಳು ಒಂದರ ಪಕ್ಕ ಒಂದು ಒತ್ತಿಕೊಂಡು ನಿಂತಿರುತ್ತವೆ, ಮೇಲೆ ನೀಲಿ ತಾಡಪಾಲು, ಸದ್ದಿಲ್ಲ, ಕಾಗೆ ಬಿಟ್ಟರೆ ಜನ ಕಮ್ಮಿ. ಕರ್ಫ್ಯೂ ಹಾಕಿದ ಊರೇ ಸರಿ. ನಿಷೇಧ ಇರೋದು ಮೀನು ಮರಿ ಹಾಕಲಿ ಅಂತ, ಒಳ್ಳೆಯದಕ್ಕೇ, ಅದನ್ನು ಸಿನಿಮಾದಲ್ಲಿ ತಿರುಚಬೇಡಿ. ಖಾಲಿತನ ಮಾತ್ರ ತೆಗೆದುಕೊಳ್ಳಿ. ಬಂದರಿನ ಕಚೇರಿಯಲ್ಲಿ ಕೇಳಿಯೇ ಒಳಗೆ ಹೋಗಿ.

ಘಟ್ಟದ ಮೇಲೆ ಅಡಿಕೆ ತೋಟ. ಮಟಮಟ ಮಧ್ಯಾಹ್ನವೂ ಒಳಗೆ ಕತ್ತಲೆ, ಸಾಲು ಸಾಲು ಮರಗಳು ಜೈಲಿನ ಸರಳಿನ ಹಾಗೆ ಕಾಣುತ್ತವೆ. ಪಾತ್ರ ಓಡುವಾಗ ನೀವು ಅವಳ ಪಕ್ಕದಲ್ಲೇ ಸಾಲಿನ ಈಚೆ ನಡೆಯಿರಿ, ಪ್ರತಿ ಮರ ದಾಟಿದಾಗಲೂ ಅವಳು ಮಾಯವಾಗಿ ಮತ್ತೆ ಕಾಣುತ್ತಾಳೆ, ಎಡಿಟಿಂಗ್ ಇಲ್ಲದೇ ಎದೆ ಹೊಡೆದುಕೊಳ್ಳುತ್ತದೆ. ಉಂಬಳ (ಜಿಗಣೆ) ಹತ್ತದ ಹಾಗೆ ಕಾಲಿಗೆ ಸುಣ್ಣ ತಂಬಾಕು ಸವರಿಕೊಳ್ಳಿ, ಒಂದು ಪೊಟ್ಟಣ ಉಪ್ಪು ಜೇಬಲ್ಲಿರಲಿ. ಬೇಸಿಗೆಯಲ್ಲಿ ಮಾಡೋದಾದರೆ ಗೋಕರ್ಣದ ಹತ್ತಿರ ಸಾಣಿಕಟ್ಟಾದ ಉಪ್ಪಿನ ಗದ್ದೆ ಇದೆ, ಚಪ್ಪಟೆ, ಬಟಾಬಯಲು, ಅಡಗೋಕೆ ಒಂದು ಪೊದೆಯೂ ಇಲ್ಲ.

ಹೋಗಬಾರದ ಜಾಗಗಳು: ನೌಕಾನೆಲೆಯ ಸುತ್ತಮುತ್ತ, ಕೈಗಾ ಅಣುಸ್ಥಾವರ, ರೈಲ್ವೆ ಹಳಿ ಮತ್ತೆ ಸುರಂಗ. ಬೇಲಿ, ತಂತಿ, ಕಾವಲು ಗೋಪುರ ಕಂಡು ಬಾಯಲ್ಲಿ ನೀರೂರುತ್ತದೆ, ಗೊತ್ತು. ಅದು ನಿಜವಾದ ಬೇಲಿ, ನಿಜವಾದ ಕಾನೂನು. ಡ್ರೋನ್ ಹಾರಿಸುವ ಆಸೆ ಇದ್ದರೆ ಮೊದಲು ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಕೆಂಪು ವಲಯ, ಅಂದರೆ ಅನುಮತಿ ಇಲ್ಲದೆ ಹಾರಿಸಬಾರದ ಜಾಗ, ಎಲ್ಲೆಲ್ಲಿದೆ ನೋಡಿ. ಕಾರವಾರದಲ್ಲಿ ಆ ಆಸೆ ಬಿಟ್ಟುಬಿಡೋದೇ ಮೇಲು. ಇನ್ನೊಂದು, ಅಂಕೋಲಾ ಬಳಿಯ ಶಿರೂರು. 2024ರ ಜುಲೈ 16ರಂದು ಹೆದ್ದಾರಿಯ ಮೇಲೆ ಗುಡ್ಡ ಕುಸಿದ ಆ ಜಾಗದಲ್ಲಿ ಒಂದು ಶಾಟ್ ತೆಗೆಯೋಣ ಅಂತ ನಮ್ಮಲ್ಲೂ ಒಬ್ಬ ಅಂದ. ಅಲ್ಲಿ ಜನ ಸತ್ತಿದ್ದಾರೆ. ಮುಂದೆ ಮಾತಾಡಲಿಲ್ಲ.

ಕಾವಲಿನವರ ಬಟ್ಟೆ

ಪೊಲೀಸ್ ಅಥವಾ ಸೇನೆಯ ಸಮವಸ್ತ್ರದಂಥದ್ದು ಹಾಕಿಕೊಂಡು ಬೀದಿಗಿಳಿಯಬೇಡಿ. ಜನ ನಿಜ ಅಂದುಕೊಳ್ಳುವ ಹಾಗೆ ಹಾಕಿಕೊಂಡರೆ ಅದು ಅಪರಾಧ. ಅಲ್ಲದೆ ನೋಡೋಕೂ ಹಳಸಲು.

ನಮಗೆ ಉತ್ತರ ಸಿಕ್ಕಿದ್ದು ತೋಟದ ಮನೆಯ ಹಿಂದಿನ ಕೊಟ್ಟಿಗೆಯಲ್ಲಿ. ಮಳೆಗಾಲದಲ್ಲಿ ಅಡಿಕೆಗೆ ಕೊಳೆ ಔಷಧಿ ಹೊಡೆಯುತ್ತಾರಲ್ಲ, ಬೋರ್ಡೋ ದ್ರಾವಣ, 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಅದನ್ನು ಹೊಡೆದೂ ಹೊಡೆದೂ ಹಳೆ ಅಂಗಿಗಳು ಒಂಥರಾ ತಿಳಿನೀಲಿ ಆಗಿರುತ್ತವೆ. ಯಾವ ಅಂಗಡಿಯಲ್ಲೂ ಸಿಗದ ಬಣ್ಣ. ಅಂಥ ನಾಲ್ಕು ಅಂಗಿ ಮೊಳೆಗೆ ನೇತುಹಾಕಿದ್ದರು. ನಾಲ್ಕು ಜನರಿಗೆ ಹಾಕಿಸಿ, ತಲೆಗೆ ಪ್ಲಾಸ್ಟಿಕ್ ಕೊಪ್ಪೆ, ಬೆನ್ನಿಗೆ ಖಾಲಿ ಸ್ಪ್ರೇ ಪಂಪು, ಮುಖಕ್ಕೆ ಬಟ್ಟೆ ಕಟ್ಟಿ ಮಂಜಿನಲ್ಲಿ ನಿಲ್ಲಿಸಿದರೆ, ಅಬ್ಬಾ. ಅದೇ ಅಂಗಿಯನ್ನು ದಿನಾ ನೋಡಿದ ಮನೆಯವರೇ ಒಂದು ಹೆಜ್ಜೆ ಹಿಂದೆ ಸರಿದರು. ಬಟ್ಟೆ ಚೆನ್ನಾಗಿ ಒಗೆದು ಹಾಕಿಕೊಳ್ಳಿ, ಮೈಲುತುತ್ತ ಕಣ್ಣಿಗೆ ಒಳ್ಳೆಯದಲ್ಲ. ಪಂಪು ತೊಳೆದು ಖಾಲಿ ಇರಲಿ.

ಬಂಡಾಯಗಾರರಿಗೆ ಮುಖವಾಡ ಬೇಕು ಅಂತ ಎಲ್ಲರಿಗೂ ಅನ್ನಿಸುತ್ತದೆ. ಆನ್‌ಲೈನಲ್ಲಿ ಸಿಗುವ ಆ ಬಿಳಿ ಮುಖ, ಮೇಲೆ ತಿರುಗಿದ ಮೀಸೆಯದು, ಬೇಡ. ಅದು ಗೈ ಫಾಕ್ಸ್ ಎಂಬವನ ಮುಖ, 1605ರ ನವೆಂಬರ್ 5ರಂದು ಲಂಡನ್ನಿನ ಸಂಸತ್ತಿನ ಕೆಳಗೆ ಮದ್ದಿನ ಪೀಪಾಯಿಗಳ ಜೊತೆ ಸಿಕ್ಕಿಬಿದ್ದವನು. ಅವರಿಗೆ ಅವನ ಅರ್ಥ ಇದೆ. ನಮ್ಮ ತೋಟದಲ್ಲಿ ಅವನೇನು ಮಾಡುತ್ತಾನೆ?

ನಮ್ಮಲ್ಲಿ ಬೇಡರ ವೇಷ ಇದೆ. ಶಿರಸಿಯಲ್ಲಿ ಮಾರಿಕಾಂಬಾ ಜಾತ್ರೆ ಇಲ್ಲದ ವರ್ಷ ಹೋಳಿಯ ಮುಂಚಿನ ರಾತ್ರಿಗಳಲ್ಲಿ ಕುಣಿಯುತ್ತಾರಲ್ಲ, ಅದು. ಊರಲ್ಲಿ ಹೇಳುವ ಕತೆ ಗೊತ್ತಿರಬಹುದು. ಮಲ್ಲೇಶಿ ಅಂತ ಒಬ್ಬ, ಜನರನ್ನು ಕಾಯೋಕೆ ಅಂತ ಅರಸರು ನೇಮಿಸಿದವನು. ಕಾಯುವವನೇ ಕಾಡೋಕೆ ಶುರು ಮಾಡಿದ. ಅವನ ಕೈ ಹಿಡಿದ ರುದ್ರಾಂಬಿಕೆಯೇ ಕೊನೆಗೆ ಅವನ ಕಣ್ಣು ಕೆಡಿಸಿ ಊರಿಗೆ ಹಿಡಿದುಕೊಟ್ಟಳು. ನೀವು ಹುಡುಕುತ್ತಿರುವ ಕತೆ ತಮಟೆ ಬಡಿದುಕೊಂಡು ನಿಮ್ಮ ಬೀದಿಯಲ್ಲೇ ಹೋಗುತ್ತಿದೆ ಅಂದಂಗಾಯ್ತು.

ಆದರೆ ನವಿಲುಗರಿ, ಕೆಂಪು ಬಣ್ಣ ಎಲ್ಲ ಎತ್ತಿಕೊಂಡು ಬಂದು ಸಿನಿಮಾಕ್ಕೆ ಹಾಕಬೇಡಿ. ಅದಕ್ಕೆ ಅದರದ್ದೇ ಕಲಾವಿದರು, ಅದರದ್ದೇ ಕಟ್ಟುಪಾಡು ಇದೆ. ನಾವು ತೆಗೆದುಕೊಂಡಿದ್ದು ಒಂದೇ ಒಂದು, ಆ ಹಗ್ಗ. ವೇಷಧಾರಿಯ ಬೆನ್ನ ಹಿಂದೆ ಇಬ್ಬರು ಹಗ್ಗ ಹಿಡಿದಿರುತ್ತಾರೆ, ಅವನು ಮುಂದೆ ನುಗ್ಗುತ್ತಾನೆ, ಅವರು ಹಿಂದೆ ಎಳೆಯುತ್ತಾರೆ. ನಮ್ಮ ಕಾವಲಿನ ಮುಖಂಡನ ಸೊಂಟಕ್ಕೂ ಒಂದು ಹಗ್ಗ ಕಟ್ಟಿದೆವು. ಹಿಡಿದವರು ಯಾರು ಅಂತ ಚೌಕಟ್ಟಿನಲ್ಲಿ ಕಾಣುವುದಿಲ್ಲ.

ಮಳೆಯಲ್ಲಿ ಕ್ಯಾಮೆರಾ

ಸಾಮಾನ್ಯ ಕ್ಯಾಮೆರಾ ಆ್ಯಪ್ ಬಿಟ್ಟು ಎಲ್ಲವನ್ನೂ ನಾವೇ ಹಿಡಿದಿಡಬಹುದಾದ ಆ್ಯಪ್ ಹಾಕಿಕೊಳ್ಳಿ. ಬ್ಲ್ಯಾಕ್‌ಮ್ಯಾಜಿಕ್ ಕ್ಯಾಮೆರಾ, ಓಪನ್ ಕ್ಯಾಮೆರಾ ಎರಡೂ ಪುಕ್ಕಟೆ. ಸೆಕೆಂಡಿಗೆ 25 ಫ್ರೇಮ್, ಶಟರ್ ಸೆಕೆಂಡಿನ 1/50. ನಮ್ಮ ಕರೆಂಟು 50 ಹರ್ಟ್ಸ್, ಹಾಗಾಗಿ ಈ ಅಳತೆಯಲ್ಲಿ ಟ್ಯೂಬ್‌ಲೈಟ್ ಮಿನುಗುವುದಿಲ್ಲ. ಫೋಕಸ್, ಬೆಳಕು, ಬಣ್ಣ ಮೂರನ್ನೂ ಲಾಕ್ ಮಾಡಿ. ಲಾಕ್ ಮಾಡದಿದ್ದರೆ ಮೋಡ ಸರಿದಾಗಲೆಲ್ಲ ಮೊಬೈಲು ತನ್ನ ಬುದ್ಧಿ ಓಡಿಸುತ್ತದೆ, ಒಂದೇ ದೃಶ್ಯದಲ್ಲಿ ನಟಿಯ ಮುಖ ಮೂರು ಬಣ್ಣ. ಬಣ್ಣದ ಅಳತೆಯನ್ನು (ವೈಟ್ ಬ್ಯಾಲೆನ್ಸ್) 4000 ಕೆಲ್ವಿನ್ ಸುತ್ತ ಇಟ್ಟರೆ ಮೋಡದ ಬೆಳಕು ಇನ್ನಷ್ಟು ನೀಲಿಗೆ ತಿರುಗಿ ಮನೆಯೊಳಗಿನ ಬಲ್ಬು ಮಾತ್ರ ಬೆಚ್ಚಗೆ ಕಾಣುತ್ತದೆ. ಹೊರಗೆ ಸರ್ಕಾರ, ಒಳಗೆ ಮನೆ. ನಾವು ಚಿತ್ರ ಪೂರ್ತಿ ಹೀಗೇ ಇಟ್ಟೆವು.

ಮಳೆ ಕಣ್ಣಿಗೆ ಎಷ್ಟೇ ಜೋರು ಕಂಡರೂ ಕ್ಯಾಮೆರಾದಲ್ಲಿ ಕಾಣುವುದಿಲ್ಲ. ಇದು ಗೊತ್ತಿಲ್ಲದೆ ನಾವು ಒಂದು ಸಂಜೆ ಪೂರ್ತಿ ನೆನೆದು ನಡುಗಿದ್ದು ದಂಡವಾಯಿತು. ಹನಿಗಳ ಹಿಂದಿನಿಂದ ಬೆಳಕು ಬೀಳಬೇಕು. ಬೈಕನ್ನು ನಟಿಯ ಹಿಂದೆ ಹತ್ತು ಹೆಜ್ಜೆ ದೂರದಲ್ಲಿ, ಮರದ ಮರೆಯಲ್ಲಿ ನಿಲ್ಲಿಸಿ ಹೆಡ್‌ಲೈಟ್ ಹಾಕಿ. ಒಂದೊಂದು ಹನಿಯೂ ಬೆಳ್ಳಿ ದಾರದ ಹಾಗೆ ಕಾಣುತ್ತದೆ, ಅಂಚಿನ ಕೂದಲೆಲ್ಲ ಹೊಳೆಯುತ್ತದೆ. ಹಿನ್ನೆಲೆ ಕಪ್ಪಾಗಿರಲಿ, ತೋಟ ಅಥವಾ ಕಲ್ಲಿನ ಗೋಡೆ. ಆಕಾಶದ ಎದುರು ಮಳೆ ಕರಗಿಹೋಗುತ್ತದೆ.

ಮೊಬೈಲಿಗೆ ಪ್ಲಾಸ್ಟಿಕ್ ಚೀಲ ಕಟ್ಟಿ ಲೆನ್ಸಿನ ಜಾಗ ಮಾತ್ರ ಕತ್ತರಿಸಿ. ಟ್ರೈಪಾಡಿಗೆ ಒಂದು ಕೊಡೆ ಕಟ್ಟಿ. ಹೌದು, ಕೊಡೆ ನಿಷೇಧದ ಸಿನಿಮಾ ತೆಗೆದಿದ್ದು ಕೊಡೆಯ ಕೆಳಗೇ. ಒಳಗಿಂದ ಹೊರಗೆ ಬಂದ ಕೂಡಲೇ ಲೆನ್ಸಿಗೆ ಆವಿ ಕಟ್ಟುತ್ತದೆ, ಹತ್ತು ನಿಮಿಷ ಜಗಲಿಯಲ್ಲಿಟ್ಟು ಆಮೇಲೆ ಶುರು ಮಾಡಿ. ಒಣಗಿದ ಹತ್ತಿ ಬಟ್ಟೆ ಎಷ್ಟಿದ್ದರೂ ಸಾಲದು. ಮತ್ತೆ ಒಂದು ಕೊಡಪಾನ ನೀರು ಪಕ್ಕದಲ್ಲಿರಲಿ. ನಮ್ಮ ಚಿತ್ರದ ನಾಲ್ಕನೇ ನಿಮಿಷದಲ್ಲಿ ನಾಯಕಿ ತೊಯ್ದು ತೊಪ್ಪೆಯಾಗಿ ಬಾಗಿಲಿಗೆ ಬರುತ್ತಾಳೆ, ಮರುಕ್ಷಣ ಹತ್ತಿರದಿಂದ ತೋರಿಸಿದರೆ ಕೂದಲು ಎಣ್ಣೆ ಹಚ್ಚಿ ಬಾಚಿದ ಹಾಗೆ ಒಣಗಿದೆ. ಊಟದ ಬಿಡುವಿನಲ್ಲಿ ಒಲೆ ಮುಂದೆ ಕೂತಿದ್ದಳು ಪಾಪ.

ವಿಡಿಯೊ ಎಲ್ಲ ಕಷ್ಟ ಅನ್ನಿಸಿದರೆ ಇನ್ನೊಂದು ದಾರಿ ಇದೆ. 1962ರಲ್ಲಿ ಫ್ರೆಂಚ್ ನಿರ್ದೇಶಕ ಕ್ರಿಸ್ ಮಾರ್ಕರ್ 'ಲಾ ಜೆತೆ' ಅನ್ನುವ 28 ನಿಮಿಷದ ಚಿತ್ರವನ್ನು ಹೆಚ್ಚು ಕಮ್ಮಿ ಪೂರ್ತಿ ಸ್ಥಿರಚಿತ್ರಗಳಲ್ಲೇ ಮಾಡಿದ, ಮೇಲೆ ಧ್ವನಿ ಮಾತ್ರ. ಬೆಳಕು ಕಮ್ಮಿ ಇರುವ ಮಳೆಗಾಲಕ್ಕೆ ಇದು ಹೇಳಿ ಮಾಡಿಸಿದ ಉಪಾಯ. ನಮ್ಮ ಗಡಿಪಾರಿನ ಭಾಗ ಹೀಗೇ, ಏಳು ಫೋಟೊ.

ಸದ್ದು, ಮಾತು

ಮಳೆಯ ಸದ್ದನ್ನು ನೇರ ಹಿಡಿದರೆ ಹಪ್ಪಳ ಕರಿದ ಹಾಗೆ ಕೇಳುತ್ತದೆ. ತಗಡಿನ ಮೇಲೆ, ಬಾಳೆ ಎಲೆಯ ಮೇಲೆ, ಹಂಚಿನ ತುದಿಯಿಂದ ಬಕೆಟ್ಟಿಗೆ, ಹೀಗೆ ಬೇರೆ ಬೇರೆ ಹಿಡಿದು ಆಮೇಲೆ ಕೂಡಿಸಿ. ಕಾವಲಿನವರ ಹೆಜ್ಜೆಗೆ ಒಣ ಅಡಿಕೆ ಹಾಳೆ ತುಳಿದೆವು. ಮಾತನ್ನು ತೋಟದಲ್ಲಿ ರೆಕಾರ್ಡ್ ಮಾಡುವ ಗೋಜಿಗೆ ಹೋಗಬೇಡಿ, ಮನೆಯಲ್ಲಿ ಕಂಬಳಿ ಹೊದ್ದು ಕೂತು ಮತ್ತೆ ಹೇಳಿಸಿ.

ಸರ್ಕಾರ ಯಾವ ಕನ್ನಡ ಮಾತಾಡಬೇಕು? ಇದಕ್ಕೆ ನಾವು ಒಂದು ನಿಯಮ ಮಾಡಿಕೊಂಡೆವು. ಜನ ಅವರವರ ಮನೆ ಮಾತಾಡುತ್ತಾರೆ, ಹವ್ಯಕ, ಕೊಂಕಣಿ, ಯಾವುದಾದರೂ. ಸರ್ಕಾರ ಮಾತ್ರ ಪಠ್ಯಪುಸ್ತಕದ ಕನ್ನಡ ಆಡುತ್ತದೆ, ಅದೂ ಅತಿ ವಿನಯದಿಂದ, ಆಟೋದ ಮೈಕಿನಲ್ಲಿ. 'ನಾಗರಿಕ ಬಂಧುಗಳೇ, ತಮ್ಮ ಅಮೂಲ್ಯ ಸಹಕಾರಕ್ಕಾಗಿ ಧನ್ಯವಾದಗಳು. ತಮ್ಮಲ್ಲಿರುವ ಕೊಡೆಗಳನ್ನು ದಯಮಾಡಿ ಒಪ್ಪಿಸತಕ್ಕದ್ದು.' ಇದನ್ನು ಓದಿಸಿದ್ದು ಎಂಟನೇ ಕ್ಲಾಸಿನ ಒಬ್ಬ ಹುಡುಗಿಯಿಂದ. ಭಾಷಣ ಸ್ಪರ್ಧೆಯ ಧಾಟಿಯಲ್ಲಿ, ಒಂದೇ ಉಸಿರಿಗೆ, ನಗುಮುಖದಲ್ಲಿ ಓದಿದಳು. ಗಡಸು ಗಂಡು ದನಿಗಿಂತ ಎಷ್ಟೋ ಪಾಲು ಹೆದರಿಕೆ ಬಂತು.

ಬಸ್‌ಸ್ಟ್ಯಾಂಡಿನಲ್ಲಿ ಆಗಿದ್ದು

ಹೊರಗೆ ಚಿತ್ರೀಕರಣ ಮಾಡುವ ಮುಂಚೆ ಠಾಣೆಗೆ, ಪಂಚಾಯಿತಿಗೆ ಒಂದು ಚೀಟಿ ಕೊಡಿ, ಕಾಡಾದರೆ ಅರಣ್ಯ ಇಲಾಖೆಗೆ. ಸುತ್ತಲಿನ ಅಂಗಡಿಯವರಿಗೆ ಬಾಯಲ್ಲೇ ಹೇಳಿ. 'ಚಿತ್ರೀಕರಣ ನಡೆಯುತ್ತಿದೆ' ಅಂತ ದೊಡ್ಡ ಬೋರ್ಡು ಹಾಕಿ. ಬೋರ್ಡು ಯಾಕೆ ಅಷ್ಟು ಮುಖ್ಯ ಅಂತ ನಮಗೆ ಗೊತ್ತಾಗಿದ್ದು ಹೀಗೆ.

ಒಂದು ಸಣ್ಣ ಬಸ್‌ಸ್ಟ್ಯಾಂಡು. ನಮ್ಮ ನೀಲಿ ಅಂಗಿಯ ಇಬ್ಬರು ಒಂದು ಬದಿಯಲ್ಲಿ ನಿಂತು ಅಭ್ಯಾಸ ಮಾಡುತ್ತಿದ್ದರು, ಕ್ಯಾಮೆರಾ ಇನ್ನೂ ಚೀಲದಲ್ಲೇ ಇತ್ತು. ಸಣ್ಣ ಮಳೆ. ಒಬ್ಬ ಅಜ್ಜ ಬಂದರು. ಬಿಳಿ ಪಂಚೆ, ಬಗಲಲ್ಲಿ ಬಟ್ಟೆ ಚೀಲ, ಬೆತ್ತದ ಹಿಡಿಯ ಉದ್ದ ಕೊಡೆ. ನಮ್ಮ ಹುಡುಗ ಅವರನ್ನು ನಮ್ಮದೇ ನಟ ಅಂದುಕೊಂಡನೋ ಏನೋ, ಮಾತು ಹೇಳಿಬಿಟ್ಟ: 'ಕೊಡೆ ಮುಚ್ಚಬೇಕು.' ಅಜ್ಜ ನಿಂತರು. ಅವನ ಅಂಗಿ ನೋಡಿದರು. 'ಇವತ್ತಿಂದವಾ?' ಅಂತ ಕೇಳಿದರು. ಉತ್ತರಕ್ಕೂ ಕಾಯಲಿಲ್ಲ, ಕೊಡೆ ಇಳಿಸಿ, ಎರಡು ಸಲ ಕೊಡವಿ, ಪಟ್ಟಿ ಸುತ್ತಿ ಗುಂಡಿ ಹಾಕಿದರು. ಮಳೆ ಹನಿ ಕನ್ನಡಕದ ಮೇಲೆ ಬೀಳುತ್ತಿತ್ತು.

ನಾವು ಓಡಿ ಹೋಗಿ ತಪ್ಪಾಯ್ತು ಅಜ್ಜ, ಇದು ಸಿನಿಮಾ, ಬಿಚ್ಚಿ ಬಿಚ್ಚಿ ಅಂದೆವು. ನಕ್ಕರು. 'ಅಡ್ಡಿಲ್ಲ, ಬಸ್ಸು ಬಂತಲ್ಲ' ಅಂದರು. ಬಸ್ಸು ಬಂದಿದ್ದು ಕಾಲು ಗಂಟೆ ಬಿಟ್ಟು. ಅಲ್ಲಿಯವರೆಗೂ ಕೊಡೆ ಬಿಚ್ಚಲಿಲ್ಲ.

ಆ ರಾತ್ರಿ ಕತೆಯ ಅರ್ಧ ಭಾಗ ಮತ್ತೆ ಬರೆದೆವು. ಮೊದಲು ಕಾವಲಿನವರು ಕೊಡೆ ಕಿತ್ತುಕೊಂಡು ಮುರಿಯುವ ದೃಶ್ಯ ಇತ್ತು, ಚೂರು ಚೂರಾದ ಕಡ್ಡಿಗಳ ಕ್ಲೋಸಪ್ಪು, ಜೋರು ಸಂಗೀತ. ತೆಗೆದು ಹಾಕಿದೆವು. ಅದರ ಬದಲು ನಮ್ಮಲ್ಲೇ ಹಿರಿಯರೊಬ್ಬರಿಗೆ ಆ ಕೊಡವೋದು, ಪಟ್ಟಿ ಸುತ್ತೋದು, ಗುಂಡಿ ಹಾಕೋದು ಹೇಳಿಕೊಟ್ಟು ಒಂದೇ ಶಾಟಿನಲ್ಲಿ ತೆಗೆದೆವು. 40 ಸೆಕೆಂಡು, ಕಟ್ ಇಲ್ಲ. ಆ ಅಜ್ಜನನ್ನೇ ಕೇಳಬಹುದಿತ್ತು ಅಂತ ಒಬ್ಬ ಅಂದ. ಅವರನ್ನು ಮತ್ತೊಮ್ಮೆ ಕೊಡೆ ಮುಚ್ಚಿ ಅನ್ನೋಕೆ ಯಾರಿಗೂ ಬಾಯಿ ಬರಲಿಲ್ಲ. ಅಂದಹಾಗೆ ದಾರಿಹೋಕರ ಮುಖ ಚಿತ್ರದಲ್ಲಿ ಬಂದರೆ ಅವರ ಒಪ್ಪಿಗೆ ಕೇಳಿ, ಬೇಡ ಅಂದರೆ ತೆಗೆಯಿರಿ.

ಕೊನೆಯ ದೃಶ್ಯ, ಆಮೇಲಿನ ಕೆಲಸ

11 ನಿಮಿಷದಲ್ಲಿ ಸರ್ಕಾರ ಬೀಳಿಸೋಕೆ ಹೋಗಬೇಡಿ, ಬೀಳುವುದಿಲ್ಲ, ನಾಟಕ ಅನ್ನಿಸುತ್ತದೆ. ನಮ್ಮಲ್ಲಿ ಕೊನೆಗೆ ಇರುವುದು ರೇಷನ್ ಸಾಲು. ಹದಿನೈದು ಜನ ನೆನೆಯುತ್ತ ನಿಂತಿದ್ದಾರೆ. ಎಲ್ಲೋ ಮಧ್ಯದಲ್ಲಿ 'ಟಪ್' ಅಂತ ಒಂದು ಸದ್ದು. ಯಾರು ಬಿಚ್ಚಿದರು ಅಂತ ತೋರಿಸುವುದಿಲ್ಲ, ಪಕ್ಕದವಳ ಭುಜದ ಮೇಲೆ ಮಳೆ ಬೀಳುವುದು ನಿಲ್ಲುತ್ತದೆ, ಅಷ್ಟೇ. ಆ 'ಟಪ್' ಸದ್ದಿಗೆ ಐದು ಕೊಡೆ ಪ್ರಯತ್ನ ಮಾಡಿದೆವು. ಬಟನ್ ಒತ್ತುವ ಮಡಚುಕೊಡೆಯ ಸದ್ದು ಆಟಿಕೆಯ ಥರ ಇತ್ತು. ಹಳೆ ಉದ್ದ ಕೊಡೆ, ಒದ್ದೆ ಮಾಡಿ, ಖಾಲಿ ಅಟ್ಟದಲ್ಲಿ ಬಿಚ್ಚಿದಾಗ ಸರಿಯಾಗಿ ಬಂತು.

ಎಡಿಟಿಂಗಿಗೆ ಡಾವಿಂಚಿ ರಿಸಾಲ್ವ್‌ನ ಪುಕ್ಕಟೆ ಆವೃತ್ತಿ ಸಾಕು, ಕಂಪ್ಯೂಟರ್ ಸ್ವಲ್ಪ ಗಟ್ಟಿ ಇರಬೇಕು. ಮೊದಲ ಜೋಡಣೆ 19 ನಿಮಿಷ ಬಂದಿತ್ತು. ಯಾರಾದರೂ ಏನನ್ನಾದರೂ ವಿವರಿಸುವ ಮಾತೆಲ್ಲ ಕಿತ್ತು ಹಾಕಿದ ಮೇಲೆ 11ಕ್ಕೆ ಇಳಿಯಿತು. ಊರ ಮೈದಾನದಲ್ಲಿ ಪರದೆ ಕಟ್ಟಿ ಸಾರ್ವಜನಿಕವಾಗಿ ತೋರಿಸುವ ಯೋಚನೆ ಇದ್ದರೆ 1952ರ ಸಿನಿಮಾಟೋಗ್ರಾಫ್ ಕಾಯ್ದೆಯ ಪ್ರಕಾರ ಸೆನ್ಸಾರ್ ಪ್ರಮಾಣಪತ್ರ ಬೇಕು, ಮರೆಯಬೇಡಿ.

ನಾವು ಮೊದಲು ತೋರಿಸಿದ್ದು ಮನೆಯ ಜಗಲಿಯಲ್ಲಿ, ಮನೆಯವರಿಗೆ, ನೆಂಟರಿಗೆ. ಗೋಡೆಗೆ ಬಿಳಿ ಪಂಚೆ ಕಟ್ಟಿದ್ದೆವು. ಶುರುವಾಗಿ ಒಂದು ನಿಮಿಷ ಆಗಿಲ್ಲ, ತಗಡಿನ ಮಾಡಿನ ಮೇಲೆ ಮಳೆ ಹಿಡಿದುಕೊಂಡಿತು ನೋಡಿ, ಮೈಕಿನ ಹುಡುಗಿ ಓದಿದ್ದು ಒಂದು ಅಕ್ಷರವೂ ಯಾರಿಗೂ ಕೇಳಲಿಲ್ಲ. ಹಿಂದಿನ ಸಾಲಿನಲ್ಲಿ ದೊಡ್ಡಮ್ಮ ಪಕ್ಕದವರನ್ನು ಕೇಳುತ್ತಿದ್ದರು:

'ಎಂತ ಹೇಳಿದ್ದು ಅದು?'

'ಕೊಡೆ ಮುಚ್ಚವಡ.'

'ಎಂತಕ್ಕಡ?'

'ಗೊತ್ತಿಲ್ಲೆ. ಮುಚ್ಚವಡ.'

ಮುಂದಿನ ಸಲ ತೋರಿಸುವ ಮೊದಲು ಕೆಳಗೆ ಕನ್ನಡದಲ್ಲೇ ಅಕ್ಷರ ಹಾಕಿದೆವು. ಮಾತು ಇದ್ದಿದ್ದೇ ಕಮ್ಮಿ, ಅರ್ಧ ಗಂಟೆಯ ಕೆಲಸ.